ದಾಳಕ್ಕೆ ನೆನಪಿಲ್ಲ

ಹೈಸ್ಕೂಲಿನ ಕೊನೆ ಬೆಂಚಿನಲ್ಲಿ ಬುಕ್ ಕ್ರಿಕೆಟ್ ಆಡದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ನಮ್ಮ ಕಡೆ ಕಡಿಮೆ. ಪುಸ್ತಕವನ್ನು ಕಣ್ಮುಚ್ಚಿ ತೆರೆಯುವುದು, ಎಡಗಡೆ ಪುಟಸಂಖ್ಯೆಯ ಕೊನೆಯ ಅಂಕಿ ನೋಡುವುದು. 2, 4, 6 ಬಂದರೆ ಅಷ್ಟೇ ರನ್. 8 ಬಂದರೆ ಒಂದು ರನ್. ಸೊನ್ನೆ ಬಂದರೆ ಔಟ್! ಊರಿಂದೂರಿಗೆ ನಿಯಮ ಸ್ವಲ್ಪ ಬದಲಾಗಬಹುದು. ಆದರೆ ಬ್ಯಾಟು, ಬಾಲು ಯಾವುದೂ ಬೇಡ, ಹೊಸಪೇಟೆಯ ಏಪ್ರಿಲ್ ಬಿಸಿಲಿಗೂ ಹೆದರಬೇಕಿಲ್ಲ.

ಕೂತಲ್ಲೇ ಆಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಂಪಿಗೆ ಹೋದಾಗ ಗೋಪುರದ ಜೊತೆ ಮಂಟಪದ ನೆಲವನ್ನೂ ನೋಡಿ. ಹುಲಿ-ಕುರಿ ಆಟದ ಗೆರೆಗಳು, ಅಳಗುಳಿಮಣೆಯ ಗುಳಿಗಳು ಕಲ್ಲಿನಲ್ಲೇ ಇವೆ. ಅಜ್ಜಿಯರ ಚೌಕಾಬಾರವೂ ಅಂಥದ್ದೇ. ನಾಲ್ಕು ಕವಡೆ ಎಸೆದರೆ ಬೀಳುವ ಬಗೆ 16. ಅದರಲ್ಲಿ ‘ಎರಡು’ ಬೀಳುವ ದಾರಿ ಆರಿದ್ದರೆ, ‘ಭಾರ’ ಬೀಳುವ ದಾರಿ ಒಂದೇ ಒಂದು. ಅಜ್ಜಿಗೆ ಪ್ರಾಬಬಿಲಿಟಿ ಎಂಬ ಪದ ಗೊತ್ತಿರಲಿಕ್ಕಿಲ್ಲ, ಭಾರ ಬೀಳುವುದು ಅಪರೂಪ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಬುಕ್ ಕ್ರಿಕೆಟ್‌ಗೂ ಇದೇ ಲೆಕ್ಕ ಹಾಕೋಣ. ಐದು ಅಂಕಿಗಳಲ್ಲಿ ಒಂದು ಔಟ್. ಅಂದರೆ ಸರಾಸರಿ ಐದು ಎಸೆತಕ್ಕೊಂದು ವಿಕೆಟ್. ಉಳಿದ ನಾಲ್ಕು ಎಸೆತಕ್ಕೆ 2, 4, 6, 1 ಸೇರಿ 13 ರನ್. ಬ್ಯಾಟಿಂಗ್‌ಗೆ ಯಾರೇ ಬರಲಿ, ಸರಾಸರಿ ಅದೇ 13! ರಾಹುಲ್ ದ್ರಾವಿಡ್‌ಗೂ ಅಷ್ಟೇ, ಬಿ.ಎಸ್. ಚಂದ್ರಶೇಖರ್‌ಗೂ ಅಷ್ಟೇ. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 242, ಹೊಡೆದ ರನ್ 167. ಅವರನ್ನೂ ದ್ರಾವಿಡ್‌ರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆಟವನ್ನು ಕ್ರಿಕೆಟ್ ಅನ್ನುವುದು ಹೇಗೆ?

ಅಮೆರಿಕದ ಬೇಸ್‌ಬಾಲ್ ಹುಚ್ಚರಿಗೂ ಇದೇ ಚಿಂತೆ ಕಾಡಿತ್ತು. ಹಾಲ್ ರಿಚ್‌ಮನ್ ಎಂಬುವರು ಬಾಲ್ಯದಲ್ಲಿ ದಾಳ ಹಿಡಿದು ಶುರು ಮಾಡಿದ ಆಟ 1961ರಲ್ಲಿ ‘ಸ್ಟ್ರಾಟ್-ಒ-ಮ್ಯಾಟಿಕ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಅವನ ನಿಜವಾದ ಅಂಕಿಅಂಶವೇ ಆ ಕಾರ್ಡ್‌ನ ಜೀವ. ಎಸೆಯುವುದು ಮೂರು ದಾಳ. ಮೊದಲನೆಯದರಲ್ಲಿ 1ರಿಂದ 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು, 4ರಿಂದ 6 ಬಿದ್ದರೆ ಚೆಂಡು ಎಸೆಯುವ ಪಿಚರ್‌ನ ಕಾರ್ಡ್. ಉಳಿದೆರಡು ದಾಳಗಳ ಮೊತ್ತ ಏನಾಯಿತೆಂದು ಹೇಳುತ್ತದೆ. ಅಲ್ಲಿ ಗೆಳೆಯರು ಸೇರಿ ಲೀಗ್ ಕಟ್ಟಿಕೊಂಡು ಇದನ್ನು ವರ್ಷಗಟ್ಟಲೆ ಆಡುತ್ತಾರೆ.

ಈ ಉಪಾಯವನ್ನು ನಾವು ಕ್ರಿಕೆಟ್‌ಗೆ ತಂದುಕೊಂಡೆವು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಹೆಸರಿನ ನಾಲ್ಕು ತಂಡ, 12 ಪಂದ್ಯ, ಒಂದು ಇನ್ನೂರು ಪುಟದ ನೋಟ್‌ಬುಕ್. ಆಟಗಾರರನ್ನು ಚೀಟಿ ಎತ್ತಿ ಹಂಚಿಕೊಂಡಾಗ ದ್ರಾವಿಡ್ ಸಂಡೂರಿಗೆ ಹೋದರು, ಅನಿಲ್ ಕುಂಬ್ಳೆ ಕಂಪ್ಲಿಗೆ ಬಂದರು.

ನಿಜವಾದ ಮಜಾ ಕಾರ್ಡ್ ಮಾಡುವುದರಲ್ಲಿದೆ. ಟೆಸ್ಟ್‌ನಲ್ಲಿ ದ್ರಾವಿಡ್ ಎದುರಿಸಿದ ಎಸೆತ 31,258. ಔಟಾಗಿದ್ದು 254 ಸಲ. ಅಂದರೆ ಸುಮಾರು 123 ಎಸೆತಕ್ಕೊಮ್ಮೆ. ಮೂರು ದಾಳ ಎಸೆದರೆ 216 ಬಗೆ. ಹಾಗಾಗಿ ಮೂರರಲ್ಲೂ ಒಂದು ಬಿದ್ದರೆ ಅಥವಾ ಮೂರರಲ್ಲೂ ಆರು ಬಿದ್ದರೆ ಮಾತ್ರ ದ್ರಾವಿಡ್ ಔಟ್. 108ಕ್ಕೊಂದು ಅವಕಾಶ. ‘ದಿ ವಾಲ್’ ಎಂದು ಯಾಕೆ ಕರೆದರು ಎಂಬುದು ಟಿ.ವಿ. ನೋಡಿದ್ದಕ್ಕಿಂತ ದಾಳ ಎಸೆದೂ ಎಸೆದೂ ಕೈ ಸೋತಾಗ ಚೆನ್ನಾಗಿ ಅರ್ಥವಾಗುತ್ತದೆ.

ಈ ಲೀಗ್‌ನ ಒಂದು ಪಂದ್ಯದಲ್ಲಿ ದ್ರಾವಿಡ್ ಮೊದಲ ಎಸೆತಕ್ಕೇ ಔಟ್. ಇನ್ನೊಂದರಲ್ಲಿ ಇನ್ನೂರು ಸಲ ಎಸೆದರೂ ಔಟಾಗಲಿಲ್ಲ. ‘ಇಷ್ಟೊತ್ತು ಆಡಿದಾರೆ, ಇನ್ನೇನು ಹೋಗ್ತಾರೆ ಬಿಡು’ ಎಂದ ಕಂಪ್ಲಿಯ ಗೆಳೆಯ. ಮುಂದಿನ ಎಸೆತದಲ್ಲೂ ಅವಕಾಶ ಅದೇ 108ಕ್ಕೊಂದು. ಹಿಂದೆ ಏನು ಬಿತ್ತು ಎಂಬುದು ದಾಳಕ್ಕೆ ನೆನಪಿರುವುದಿಲ್ಲ. ಪುಸ್ತಕದಲ್ಲಿ ಓದಿ ಅಂಕ ಪಡೆದಿದ್ದ ಈ ಮಾತು ನಮ್ಮ ತಲೆಗಿಳಿದದ್ದು ಅವತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಾಸ್ಟೆಲ್‌ನಲ್ಲಿ ನಮ್ಮ ಜೊತೆಗಾರನೊಬ್ಬ ಪರೀಕ್ಷಾ ಶುಲ್ಕಕ್ಕೆಂದು ಮನೆಯವರು ಕಳಿಸಿದ ಹಣವನ್ನು ಮೊಬೈಲ್‌ನ ದುಡ್ಡಿನಾಟಕ್ಕೆ ಹಾಕಿ ಕಳೆದುಕೊಂಡ. ಪ್ರತಿ ಸಲವೂ ಅವನದು ಒಂದೇ ಮಾತು: ‘ಇಷ್ಟು ಸಲ ಸೋತಿದೀನಿ, ಈ ಸಲ ಬಂದೇ ಬರುತ್ತೆ.’ ದಾಳಕ್ಕೆ ನೆನಪಿದೆ ಎಂದು ನಂಬಿದವನ ಮಾತು ಅದು. ಒಂದು ಸಣ್ಣ ಲೆಕ್ಕ ನೋಡಿ: ಹತ್ತು ಜನ ತಲಾ 50 ರೂಪಾಯಿ ಹಾಕಿದರೆ 500. ಆಡಿಸುವವನು 100 ಇಟ್ಟುಕೊಂಡು 400 ಹಂಚಿದರೆ, ಗೆಲ್ಲುವವರು ಯಾರೇ ಆಗಲಿ, ಆಡಿದವರಿಗೆ ಸರಾಸರಿ ತಲಾ 10 ರೂಪಾಯಿ ನಷ್ಟ. ನೂರು ಸಲ ಆಡಿದರೆ ಸಾವಿರ. ದಿನಾ ಗೆಲ್ಲುವವನು ಆಡಿಸುವವನೊಬ್ಬನೇ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಒಳ್ಳೆಯದೇ. ಆದರೆ ಕಾಯ್ದೆ ಆ್ಯಪ್ ಮುಚ್ಚಿಸಬಹುದು, ‘ಈ ಸಲ ಬಂದೇ ಬರುತ್ತೆ’ ಎಂಬ ಭ್ರಮೆಯನ್ನು ಮುಚ್ಚಿಸಲಾರದು. ಅದಕ್ಕೆ ಲೆಕ್ಕವೇ ಮದ್ದು.

ಆಟದ ಅಂಕಿಗಳ ಹುಚ್ಚು ಅನ್ನ ಕೊಡುತ್ತದೆಯೇ ಎಂದು ಕೇಳುವವರಿಗೆ ಬಿಲ್ ಜೇಮ್ಸ್ ಕಥೆ ಹೇಳಬೇಕು. ಅವರು ಅಮೆರಿಕದ ಒಂದು ಆಹಾರ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಲೇ ಬೇಸ್‌ಬಾಲ್ ಅಂಕಿಗಳನ್ನು ಬಗೆದು ನೋಡಿದವರು. 1977ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತಂದರು. 2003ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡವೇ ಅವರನ್ನು ಸಲಹೆಗಾರರಾಗಿ ಕೆಲಸಕ್ಕೆ ತೆಗೆದುಕೊಂಡಿತು. ಎಲ್ಲರೂ ಬಿಲ್ ಜೇಮ್ಸ್ ಆಗಲಿಕ್ಕಿಲ್ಲ. ಆದರೆ ಕ್ಯಾಂಪಸ್ ಸಂದರ್ಶನದ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ದಾಳದ ಪ್ರಶ್ನೆ ಬಂದಾಗ ಸೂತ್ರಕ್ಕಾಗಿ ತಡಕಾಡಬೇಕಾಗಿಲ್ಲ.

ಜಾತ್ರೆಯಲ್ಲಿ ಸಿಗುವ ಮೂರು ದಾಳ, ಒಂದು ನೋಟ್‌ಬುಕ್, ನಾಲ್ಕು ಜನ ಗೆಳೆಯರು ಸಾಕು. ಇಷ್ಟದ ಆಟಗಾರನ ಕಾರ್ಡ್ ನೀವೇ ಬರೆಯಿರಿ, ನಿಯಮಗಳನ್ನು ಮೊದಲ ಪುಟದಲ್ಲೇ ಎಲ್ಲರಿಗೂ ಕಾಣುವಂತೆ ಬರೆದಿಡಿ. ದುಡ್ಡು ಮಾತ್ರ ಕಟ್ಟಬೇಡಿ. ಸೋತರೆ ಅಬ್ಬಬ್ಬಾ ಎಂದರೆ ಸಂಡೂರಿನವನು ಒಂದು ವಾರ ರೇಗಿಸುತ್ತಾನೆ, ಅಷ್ಟೇ.