ಮಾಯದ ಹುಣ್ಣು, ತೆರೆಯದ ಬಾಯಿ

ಗುಂಡ್ಲುಪೇಟೆ ಸೀಮೆಯ ಮದ್ದೂರಿನ ಕಡೆ ಊಟವಾದ ಮೇಲೆ ಎಲೆ ಅಡಿಕೆ, ಜೊತೆಗೆ ಚೂರು ಹೊಗೆಸೊಪ್ಪು. ಹಲ್ಲುನೋವಿಗೂ ಕೆಲವರು ಅದನ್ನೇ ದವಡೆಗೆ ಒತ್ತಿಕೊಳ್ಳುತ್ತಾರೆ. ನೋವು ತುಸು ಮರಗಟ್ಟಬಹುದು, ಹುಳುಕು ಮಾತ್ರ ಒಳಗೆ ಇಳಿಯುತ್ತಲೇ ಇರುತ್ತದೆ. ಇದ್ದಿಲು, ಇಟ್ಟಿಗೆಪುಡಿ ಬಿಡಿ; ಮೆದು ಬ್ರಷ್ಷಿನಿಂದ ರಾತ್ರಿಯೂ ಉಜ್ಜಿ.

‘ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಅಡಿಕೆ’ ಎನ್ನುವವರೇ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣವಾಯಿತು, ಅಷ್ಟೆ!

ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನೋಡಿಕೊಳ್ಳಿ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ನಿಮ್ಮದೇ ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ, ಎರಡು ವಾರವಾದರೂ ಮಾಯದ ಹುಣ್ಣು, ಇವುಗಳಲ್ಲಿ ಒಂದಿದ್ದರೂ ನೋವಿಲ್ಲವೆಂದು ಸುಮ್ಮನಿರದೆ ದಂತವೈದ್ಯರಿಗೆ ತೋರಿಸಿ.