ಮಳೆಗಾಲಕ್ಕೆ ನಿಲ್ಲಿಸಿದ ಜೀಪಿನ ಬ್ರೇಕು

ಮುಂಗಾರು ಹಿಡಿಯಿತೆಂದರೆ ನಮ್ಮಲ್ಲಿ ಅನೇಕ ಬೆಳೆಗಾರರು ಜೀಪನ್ನು ಶೆಡ್ಡಿಗೆ ಸೇರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮರೆತುಬಿಡುವುದುಂಟು. ಅಕ್ಟೋಬರಿನಲ್ಲಿ ಹೊರತೆಗೆಯಲು ಹೋದರೆ ಹಿಂದಿನ ಚಕ್ರ ಕದಲುವುದಿಲ್ಲ. ಬ್ರೇಕಿನ ಡ್ರಮ್ಮು ಎರಕದ ಕಬ್ಬಿಣದ್ದು. ತೇವಕ್ಕೆ ಅದು ತುಕ್ಕು ಹಿಡಿದಾಗ, ಒತ್ತಿ ನಿಂತ ಬ್ರೇಕ್ ಶೂ ಅಲ್ಲಿಯೇ ಅಂಟಿಕೊಳ್ಳುತ್ತದೆ.

ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಿ. ಕೆಸರು ತೊಳೆದ ಮೇಲೆ ಒಂದೆರಡು ಕಿಲೋಮೀಟರ್ ಓಡಿಸಿ, ಮೆಲ್ಲನೆ ಬ್ರೇಕ್ ಒತ್ತುತ್ತ ಒಣಗಿಸಿಯೇ ಒಳಗೆ ತರಬೇಕು. ಅದೇ ಶೆಡ್ಡಿನಲ್ಲಿ ಪೊಟ್ಯಾಷ್ ಚೀಲ, ಮೈಲುತುತ್ತ ಇಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ಗೊಬ್ಬರದ ಪೊಟ್ಯಾಷ್ ಹೆಚ್ಚಾಗಿ ಕ್ಲೋರೈಡ್ ಲವಣ. ಸೋರಿದ ಪುಡಿ ಒದ್ದೆಯಾಗಿ ಮೆತ್ತಿದರೆ ತುಕ್ಕು ಬಹುಬೇಗ ಬೆಳೆಯುತ್ತದೆ.

ಕೆಲವರು ಡ್ರಮ್ಮಿನೊಳಗೆ ಎಣ್ಣೆ ಸವರುತ್ತಾರೆ. ತುಕ್ಕೇನೋ ಹಿಡಿಯಲಿಕ್ಕಿಲ್ಲ, ಘಾಟಿ ಇಳಿಯುವಾಗ ಬ್ರೇಕೂ ಹಿಡಿಯಲಿಕ್ಕಿಲ್ಲ!

ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟ ಹೊತ್ತು ನೋಡಿ, ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ಬ್ರೇಕ್ ಒತ್ತುವುದು ಒಳ್ಳೆಯದು. ನಿಂತಲ್ಲೇ ಎಂಜಿನ್ ಚಾಲೂ ಮಾಡಿದರೆ ಬ್ರೇಕಿಗೆ ಪ್ರಯೋಜನವಿಲ್ಲ.

ಕಣ್ಣಿಗೆ ಕಾಣದ ತುಕ್ಕೂ ಇದೆ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ವೀಲ್ ಸಿಲಿಂಡರು ಒಳಗಿನಿಂದಲೇ ಕೆಡುತ್ತದೆ. ಮೇಲಾಗಿ ನೀರು ಸೇರಿದ ಆಯಿಲ್ ಇಳಿಜಾರಿನ ಬಿಸಿಗೆ ಕುದಿದರೆ ಪೆಡಲ್ ಒಮ್ಮೆಲೇ ಕೆಳಕ್ಕೆ ಹೋಗುತ್ತದೆ. 2 ವರ್ಷಕ್ಕೊಮ್ಮೆ ಬದಲಾಯಿಸಿ.

ಹೊರತೆಗೆದ ದಿನ ತೆಳು ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಸವೆದುಹೋಗುತ್ತದೆ. ಆದರೆ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಕಾಫಿ ಮೂಟೆ ಹೇರುವ ಮೊದಲು ಡ್ರಮ್ಮು ಬಿಚ್ಚಿಸಿ ನೋಡಿಸಿ.