ದಮ್ಮಿರುವ ಹಿರಿಯರನ್ನು ಕೂರಿಸಿಬಿಡಬೇಡಿ



ರಾಸುಗಳ ಚಿಕಿತ್ಸೆಗೆಂದು ನಿಮ್ಮ ಮನೆಗಳಿಗೆ ಬಂದಾಗ, ಜಗಲಿಯ ಮೇಲೆ ಕುಳಿತು ಏದುಸಿರು ಬಿಡುವ ಹಿರಿಯರನ್ನು ಆಗಾಗ ಕಾಣುತ್ತೇನೆ. ಹಿಂದೆ ಕ್ಯಾನು ಹಿಡಿದು ಸಂಘಕ್ಕೆ ಹಾಲು ತರುತ್ತಿದ್ದವರೇ ಅವರು. "ದಮ್ಮು ಸಾರ್, ಏನೂ ಮಾಡಬೇಡಿ ಅಂತ ಕೂರಿಸಿದ್ದೇವೆ" ಎನ್ನುತ್ತಾರೆ ಮನೆಯವರು. ಇದು ಪ್ರೀತಿಯಿಂದ ಹೇಳುವ ಮಾತು. ಆದರೆ ಸದಾ ಕೂರಿಸಿದರೆ ತೊಂದರೆ ಹೆಚ್ಚುತ್ತದೆ.

ಕರು ಹಾಕಿ ಮೇಲೇಳದೆ ಮಲಗಿದ ಹಸುವನ್ನು ಆಗಾಗ ಮಗ್ಗುಲು ಬದಲಿಸಿ, ಎಬ್ಬಿಸಲು ಪ್ರಯತ್ನಿಸಿ ಎಂದು ನಾವು ಹೇಳುವುದೇಕೆ? ಮಲಗಿದಷ್ಟೂ ಕಾಲಿನ ಮಾಂಸಖಂಡ ಕೆಡುತ್ತದೆ. ಮನುಷ್ಯರಲ್ಲೂ ಹಾಗೆಯೇ. ಕುಳಿತಷ್ಟೂ ಕಾಲು ಸೋಲುತ್ತದೆ. ಸೋತ ಕಾಲಿಗೆ ನಾಲ್ಕು ಹೆಜ್ಜೆಗೂ ಹೆಚ್ಚು ಉಸಿರು ಬೇಕು. ಆಗ ದಮ್ಮು ಇನ್ನೂ ಹೆಚ್ಚಾಗಿ, ಹಿರಿಯರು ಹೆದರಿ ಮತ್ತೆ ಕೂರುತ್ತಾರೆ.

ವರ್ಷಗಟ್ಟಲೆ ಸೌದೆ, ಬೆರಣಿಯ ಹೊಗೆ ಕುಡಿದವರಿಗೆ, ಬೀಡಿ ಸೇದಿದವರಿಗೆ ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ವೈದ್ಯರು ಇದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಕೆಟ್ಟ ಶ್ವಾಸಕೋಶ ಮೊದಲಿನಂತಾಗದು. ಆದರೆ ಕಾಲಿಗೆ ಬಲ ಬಂದರೆ ಅಷ್ಟೇ ದೂರದ ನಡಿಗೆಗೆ ಕಡಿಮೆ ಉಸಿರು ಸಾಕು. ಇದಕ್ಕಾಗಿ ಇರುವ ಕ್ರಮವೇ ಶ್ವಾಸಕೋಶ ಪುನಶ್ಚೇತನ. ಮೊದಲು 6 ನಿಮಿಷ ನಡೆಸಿ ಶಕ್ತಿಯನ್ನು ಅಳೆಯುತ್ತಾರೆ. ನಂತರ ವಾರಕ್ಕೆ ಕನಿಷ್ಠ 2 ಸಲದಂತೆ 6ರಿಂದ 8 ವಾರ ಅಥವಾ ಇನ್ನೂ ಹೆಚ್ಚು ಕಾಲ ವ್ಯಾಯಾಮ ಮಾಡಿಸುತ್ತಾರೆ. ಉಸಿರಾಟದ ವಿಧಾನ, ಇನ್‌ಹೇಲರ್ ಬಳಕೆ, ಆಹಾರದ ಬಗ್ಗೆಯೂ ತಿಳಿಸಿಕೊಡುತ್ತಾರೆ.

ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ಮನೆಯಲ್ಲಿ ಹೀಗೆ ಮಾಡಿಸಿ:

1. ಮೂಗಿನಿಂದ ಎರಡು ಎಣಿಸುವಷ್ಟು ಉಸಿರೆಳೆದು, ದೀಪ ಆರಿಸುವಂತೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ನಿಧಾನವಾಗಿ ಬಿಡಲಿ.

2. ಸಮತಟ್ಟಾದ ಜಾಗದಲ್ಲಿ ನಿತ್ಯ ನಡೆಯಲಿ. ಉಸಿರು ಸ್ವಲ್ಪ ಹೆಚ್ಚಾದರೆ ಹೆದರಬೇಕಿಲ್ಲ, ಆದರೆ ಮಾತನಾಡಲು ಆಗುತ್ತಿರಬೇಕು. ದಣಿದರೆ ನಿಂತು ಮುಂದುವರಿಯಲಿ. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

3. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದನ್ನು ಕೆಲವು ಸಲ ಮಾಡಲಿ.

4. ದಮ್ಮು ಏರಿದಾಗ ಕುಳಿತು ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಲಿ.

5. ಒಣಹುಲ್ಲು ಕೊಡವುವ ಕೆಲಸ, ಬೂಷ್ಟು ಹಿಡಿದ ಮೇವು, ಒಲೆಯ ಹೊಗೆ ಇವುಗಳಿಂದ ದೂರವಿಡಿ. ಬೀಡಿ ಬಿಡಲೇಬೇಕು. ಇನ್‌ಹೇಲರನ್ನು ತಾವಾಗಿ ನಿಲ್ಲಿಸಬಾರದು.

ಎದೆನೋವು, ತಲೆಸುತ್ತು ಬಂದರೆ, ತುಟಿ ನೀಲಿಯಾದರೆ, ಕುಳಿತಲ್ಲೇ ಮಾತನಾಡಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಮ್ಮು 2 ವಾರ ಮೀರಿದ್ದರೆ ಕಫ ಪರೀಕ್ಷೆ ಮಾಡಿಸಿ.

ನಾನು ಪಶುವೈದ್ಯ, ಹಿರಿಯರಿಗೆ ಔಷಧಿ ಹೇಳುವವನಲ್ಲ. ಆದುದರಿಂದ ಜಿಲ್ಲಾ ಆಸ್ಪತ್ರೆಗೆ ಹೋದಾಗ, "ಇವರಿಗೆ ಯಾವ ವ್ಯಾಯಾಮ, ಎಷ್ಟು?" ಎಂದು ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಕೇಳಲು ಮರೆಯಬೇಡಿ. ಹಿರಿಯರು ಮತ್ತೆ ಕ್ಯಾನು ಹೊರಬೇಕಿಲ್ಲ. ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬಂದರೆ, ಸಂಜೆ ಸಂಘದ ಕಟ್ಟೆಯವರೆಗೆ ನಡೆದು ನಾಲ್ಕು ಜನರೊಡನೆ ಮಾತನಾಡಿ ಬಂದರೆ ಅದೇ ದೊಡ್ಡ ಗಳಿಕೆ.

– ಪಶುವೈದ್ಯ ವಿಸ್ತರಣಾಧಿಕಾರಿ